ಗಾಣಗಾಪುರದಾಗ ಗಲ್ಲ ಬಡ್ಕೊಳ್ಳೋರು

ದತ್ತನ ಕ್ಷೇತ್ರ ಗಾಣಗಾಪುರಕ್ಕ ಹೋದವ್ರು ನೋಡೇ ಇರ್ತೀರಿ, ನಿರ್ಗುಣ ಮಠದಾಗ ಪಾದುಕಾ ದರ್ಶನದ ಆ ಸಣ್ಣ ಕಿಂಡಿ ಮುಂದ ಬಂದಕೂಡ್ಲೆ ಮಂದಿ ಪಟಪಟ ಗಲ್ಲ ಬಡ್ಕೊಳ್ತಾರ, ತಪ್ಪಾಯ್ತು ತಂದೆ ಅಂತಾರ, ನಾ ಪಾಪಿ ಅಂತಾರ, ಅಷ್ಟರಾಗ ಹಿಂದಿನವ್ರು ನೂಕ್ತಾರ, ದರ್ಶನ ಮುಗೀತು. ಏನು ತಪ್ಪಾಯ್ತು ಅಂತ ಮಾತ್ರ ಯಾರೂ ಹೇಳಂಗಿಲ್ಲ. ಹೇಳ್ಲಿಕ್ಕೆ ಟೈಮಾದ್ರೂ ಎಲ್ಲಿರ್ತದ ಬಿಡ್ರಿ.

ನಮ್ಮ ಓಣ್ಯಾಗ ಒಬ್ರು ಕಾಕಾ ಅದಾರ. ಹುಣ್ಣಿಮಿ ತಪ್ಪಸಂಗಿಲ್ಲ, ಕಲಬುರಗಿಯಿಂದ ಬಸ್ ಹತ್ತಿ ಬರೋದೇ, ಭೀಮಾ-ಅಮರ್ಜಾ ಸಂಗಮದಾಗ ಮುಳುಗಿ, ಔದುಂಬರ ಗಿಡ ಸುತ್ತಿ, ಗುಡಿಗೆ ಹೋಗೋದೇ. ದತ್ತ ಜಯಂತಿಗಂತೂ ಕೇಳಬ್ಯಾಡ್ರಿ. ಆದ್ರ ಬಸ್ಸಿನ್ಯಾಗ ಹೋಗ್ತಾ ಬರ್ತಾ ತಮ್ಮನ್ನ ತಾವೇ ಬೈಕೊಳ್ತಿರ್ತಾರ, ನನ್ನಂಥ ನೀಚ ಮನಷ್ಯಾ ಇಲ್ಲ, ನನ್ನ ಗುಣಾನೇ ಸರಿ ಇಲ್ಲ ಅಂತ. ಕೇಳಿದವ್ರು ಎಂಥಾ ವಿನಯ ಅಂತಾರ. ನನಗ್ಯಾಕೋ ಹಂಗ ಅನಸಂಗಿಲ್ಲ. ನಾ ಪೂರಾ ಕೆಟ್ಟಾಂವ ಅಂತ ಒಮ್ಮೆಲೆ ಹೇಳಿಬಿಟ್ರ ಭಾರೀ ಅನುಕೂಲ ಅದ ನೋಡ್ರಿ, ಒಂದು ತಪ್ಪನ್ನೂ ಬಿಡಿಸಿ ಹೇಳಬೇಕಾಗಂಗಿಲ್ಲ, ಯಾರ ಮನಿ ಬಾಗಲಿಗೂ ಹೋಗಬೇಕಾಗಂಗಿಲ್ಲ. ಕಿರಾಣಿ ಅಂಗಡಿಯ ಉದ್ರಿ ಖಾತಿ ತಗದು ಲೆಕ್ಕಾ ನೋಡದೇನೇ ಭಾಳ ಬಾಕಿ ಅದರಿ ನಂದು ಅಂತ ಕಟ್ಟಿಮ್ಯಾಲ ಕುಂತು ಅತ್ತಂಗ.

ಗುರುಚರಿತ್ರೆ ಪಾರಾಯಣ ಮಾಡೋರಿಗೆ ಅಗಸನ ಕತಿ ಗೊತ್ತಿರ್ತದ. ಕೃಷ್ಣಾ ನದಿಯ ಕುರುವಪುರದಾಗ, ದತ್ತನ ಅವತಾರ ಅಂತ ಭಕ್ತರು ನಂಬೋ ಶ್ರೀಪಾದ ಶ್ರೀವಲ್ಲಭರ ಸೇವಾ ಮಾಡ್ತಿದ್ದ ಅಗಸ, ಒಂದಿನ ರಾಜಾ ಪರಿವಾರ ಕಟ್ಕೊಂಡು ದೋಣಿಯಾಗ ಹೊಂಟಿದ್ದು ನೋಡಿ ಅಂವನ ಮನಸು ಅಲ್ಲೇ ಸಿಕ್ಕೊಂಡುಬಿಡ್ತು, ಬದುಕಿದ್ರ ಹಿಂಗ ಬದುಕಬೇಕು ಅಂತ. ಗುರುಗಳಿಗೆ ತಿಳೀತು. ಬೈದ್ರೇನು? ಇಲ್ಲ. ಆಸೆ ಇದ್ರ ಅದು ತೀರಬೇಕು, ಮುಂದಿನ ಜನ್ಮದಾಗ ರಾಜನಾಗು ಅಂದ್ರು. ಅಂವನೇ ನಮ್ಮ ಬೀದರದಾಗ ಬಾದಶಹಾ ಆಗಿ ಹುಟ್ಟಿದ ಅಂತ ಕತಿ (ಇತಿಹಾಸದ ಪುಸ್ತಕದಾಗ ಹುಡುಕ್ಲಿಕ್ಕೆ ಹೋಗಬ್ಯಾಡ್ರಿ, ಇದು ಭಕ್ತರು ಹೇಳ್ಕೋತ ಬಂದದ್ದು). ತೊಡಿಮ್ಯಾಲ ಹುಣ್ಣೆದ್ದು, ಯಾವ ಹಕೀಮನ ಔಷಧಕ್ಕೂ ಬಗ್ಗದೆ, ಗಾಣಗಾಪುರದ ನೃಸಿಂಹ ಸರಸ್ವತಿ ಸ್ವಾಮಿಗಳ ಹತ್ರ ಬಂದ. ಆ ಶ್ರೀಪಾದರೇ ಮತ್ತ ಈ ಸ್ವಾಮಿಗಳಾಗಿ ಹುಟ್ಟಿ ಬಂದ್ರು ಅಂತ ಭಕ್ತರ ನಂಬಿಗಿ. ಸ್ವಾಮಿಗಳು ನೋಡಿದವ್ರೇ, ಏನೋ ಅಗಸಾ, ಇಷ್ಟು ದಿನ ಎಲ್ಲಿದ್ದಿ ಅಂದ್ರಂತ. ಹುಣ್ಣಿನ ಸುದ್ದಿ ತಗದಾಗ, ಎಲ್ಲದ, ತೋರ್ಸು ಅಂದ್ರು. ನೋಡಿದ್ರ ಹುಣ್ಣೇ ಇಲ್ಲ.

ನನಗ ಪವಾಡಕ್ಕಿಂತ ಆ "ಎಲ್ಲದ ತೋರ್ಸು" ಅನ್ನೋದೇ ಭಾಳ ಹಿಡಿಸ್ತದ. ನೀ ಎಂಥಾಂವ, ಯಾಕ ಆಸೆ ಪಟ್ಟಿ, ಸಿಂಹಾಸನದಮ್ಯಾಲ ಕುಂತು ನನ್ನ ಮರತೆಲ್ಲ ಅನ್ನೋ ವಿಚಾರಣೆ ಇಲ್ಲ. ಹುಣ್ಣು ಇದ್ದ ಜಾಗ ಕೇಳಿದ್ರು, ಅಷ್ಟೇ.

ಮಧುಕರಿ (ಮನಿ ಮನಿ ಭಿಕ್ಷಾ ಬೇಡೋದು) ಹೊತ್ತಿನ್ಯಾಗೂ ಹಂಗೇ. ಮಧ್ಯಾಹ್ನ ಗುರುಗಳು ಯಾವುದಾದ್ರೂ ವೇಷದಾಗ ಭಿಕ್ಷಾಕ್ಕ ಬಂದೇ ಬರ್ತಾರ ಅನ್ನೋ ನಂಬಿಗಿ, ಅದಕ್ಕ ಭಕ್ತರೆಲ್ಲಾ ಕಡಿಮಿ ಅಂದ್ರ 5 ಮನಿ ಭಿಕ್ಷಾ ಬೇಡಬೇಕು. ಕಾರಿನ್ಯಾಗ ಬಂದವ್ರು, ದಿನಾ ಬೇಡಿ ತಿನ್ನೋರು, ಎಲ್ಲಾರ ಕೈಯಾಗೂ ತಾಟು. ಬಾಗಲದಾಗ ಕುಂತ ಆಯಿ ಮಾರಿ ಎತ್ತಿ ನೋಡಂಗಿಲ್ಲ, ಒಂದು ಸೌಟು ಅನ್ನ, ಮ್ಯಾಲ ಬಿಸಿ ಸಾರು, ಹೆಬ್ಬೆಟ್ಟು ಚುರ್ ಅಂತದ, ಮುಂದ ನಡೀರಿ ಮುಂದ ನಡೀರಿ. ಎದುರಿಗೆ ಬಂದಾಂವ ದತ್ತನೇ ಇರಬಹುದು ಅಂತ ತುತ್ತು ಹಾಕೋರು ಎಷ್ಟು ಮಂದಿ, ಆದ್ರ ತಾವೇ ತಾಟು ಹಿಡದು ನಿಂತಾಗ ಮಾತ್ರ ಇಂವ ಪಾಪಿ ಅಂತ ಮೊದ್ಲೇ ತೀರ್ಪು ಬರ್ಕೊಂಡು ಬಂದಿರ್ತಾರ! ಯಾವ ವೇಷದಾಗಾದ್ರೂ ಅಂದಮ್ಯಾಲ ನಮ್ಮ ವೇಷ ಒಂದೇ ಯಾಕ ಬಿಡಬೇಕು? ಹಂಗಂತ ತಪ್ಪು ಮಾಡೇ ಇಲ್ಲ ಅಂತಲ್ಲ ಮತ್ತ, ತಾಟಿನ್ಯಾಗ ಅನ್ನ ಬಿತ್ತು ಅಂದ್ರ ಬಾಕಿ ತೀರಿತು ಅಂತ ಅಲ್ಲ. ಬಾಕಿ ಇದ್ದದ್ದು ಇರ್ತದ.

ಹೋದ ಹುಣ್ಣಿಮಿ ವಾಪಸ್ ಬರುವಾಗ ಕಾಕಾಗ ಅಂದೇಬಿಟ್ಟೆ, ಕಾಕಾ, ಪಾಪಿ ಪಾಪಿ ಅನ್ನೋದು ಇರ್ಲಿ, ಹುಣ್ಣು ಎಲ್ಲದ ಅದನ್ನ ಹೇಳ್ರಿ. ಸಿಟ್ಟಾದ್ರು. ಚೌಡಾಪುರ ದಾಟೋತನಕ ಮಾತಿಲ್ಲ. ಆಮ್ಯಾಲ ಕಿಡಕಿ ಕಡಿ ಮಾರಿ ಮಾಡಿ, ಹೊಲದಾಗಿನ ಗಡಿ ಕಲ್ಲು ತಮ್ಮನ ಕಡಿ ಎರಡು ಮೊಳ ಸರಿಸೀನಿ ಅಂದ್ರು.

"ಎರಡು ಮೊಳಾನೇ? ಅಷ್ಟಕ್ಕ ಇಷ್ಟು ವರ್ಷದಿಂದ ಗಲ್ಲ ಬಡ್ಕೊಳ್ಳಾಕತ್ತೀರಿ? ಕಲ್ಲು ತಿರುಗಿ ಇಟ್ಟು ಬರ್ರಿ."

"ಹೇಳೋದು ಸುಲಭ ಅದಪಾ" ಅಂದ್ರು ಕಾಕಾ, "ಆ ಎರಡು ಮೊಳದಾಗ ಬೇವಿನ ಗಿಡ ಅದ. ಗಿಡಾನೂ ಅಂವನ ಪಾಲಿಗೇ ಹೋಗ್ತದ."