ಲಕ್ಕುಂಡಿಯಲ್ಲಿ ನೀರಿನ ಜಾಡು ಹಿಡಿದು

"ಗುಡಿ ನೋಡೋದಾದ್ರ ಮಳಿಗಾಲ ಮುಗಿಯೂ ಹೊತ್ತಿಗೆ ನೋಡಬೇಕವ್ವಾ. ನೀರು ಎಲ್ಲೆಲ್ಲೆ ಓಡ್ಯಾಡೇತಿ ಅಂತ ಗೋಡಿ ಮ್ಯಾಲೆ ಎದ್ದು ಕಾಣತೈತಿ" ಅಂತ ಸೋದರಮಾವ ಯಾವಾಗಲೂ ಹೇಳುತ್ತಿದ್ದರು. ಜೀವನಪೂರ್ತಿ ಗೌಂಡಿ ಕೆಲಸ ಮಾಡಿದವರು. ಕಲ್ಲು, ಸುಣ್ಣ, ಗಾರೆ ವಿಷಯದಲ್ಲಿ ಅವರ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಹಾಗಾಗಿ ಸೆಪ್ಟೆಂಬರ್ ಕೊನೆಯಲ್ಲಿ ಒಂದು ದಿನ ಮಳೆ ಹೊಳವಾದ ಮೇಲೆ ಇಬ್ಬರೂ ಹುಬ್ಬಳ್ಳಿಯಿಂದ ಗದಗ ಹತ್ತಿರದ ಹಳೆಯ ಗುಡಿಗಳ ಊರು ಲಕ್ಕುಂಡಿಗೆ ಹೊರಟೆವು.

ಅಣ್ಣಿಗೇರಿ ದಾಟುವಾಗ ರಸ್ತೆಯ ಎರಡೂ ಕಡೆ ಎರೆ ಹೊಲ. ಹೆಸರು ಕಿತ್ತು, ಕಡಲೆ ಬಿತ್ತೋಕೆ ಹದ ಮಾಡಿ ಬಿಟ್ಟಿದ್ದರು. ಈ ಮಣ್ಣು ಕೂಡ ಒಂದು ಕಾಲಕ್ಕೆ ಕಲ್ಲೇ ಆಗಿತ್ತು. ಮಳೆ ನೀರು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಕಲ್ಲಿನೊಳಗಿನ ಖನಿಜಗಳನ್ನು ಸಡಿಲ ಮಾಡುತ್ತಾ ಹೋಗುತ್ತದೆ. ಎಷ್ಟೋ ಸಾವಿರ ವರ್ಷ ಹೀಗೇ ನಡೆದ ಮೇಲೆ ಉಳಿಯುವುದು ಜಿಗುಟು ಮಣ್ಣು. ನಮ್ಮ ಕಡೆಯ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಲ್ಲವೂ ಅದರ ಕೊಡುಗೆ. ಕಲ್ಲು ಕರಗದಿದ್ದರೆ ನಮಗೆ ಊಟವೇ ಇರುತ್ತಿರಲಿಲ್ಲ. ಅದಕ್ಕೇ ಮಳೆಯನ್ನು ಗುಡಿಗಳ ವೈರಿ ಅಂತ ಬೈಯೋಕೆ ನನಗೆ ಮನಸ್ಸಾಗುವುದಿಲ್ಲ.

ಕಲ್ಲು ಕರಗಿ ಮಣ್ಣಾಗೋದು ಬೇರೆ, ಆದ ಮಣ್ಣು ಕೊಚ್ಚಿಕೊಂಡು ಹೋಗೋದು ಬೇರೆ. ಜೋರು ಮಳೆಯಾದಾಗ ಬೆಣ್ಣೆಹಳ್ಳದ ನೀರಿನ ಬಣ್ಣ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಡ್ಡು ಒಡೆದ ಹೊಲದ ಮೇಲ್ಮಣ್ಣು ಹಳ್ಳ ಸೇರಿ, ಅಲ್ಲಿಂದ ಮಲಪ್ರಭೆಗೆ ಹೋಗುತ್ತದೆ. ತಯಾರಾಗೋಕೆ ಸಾವಿರಾರು ವರ್ಷ ಬೇಕಾದ ಮಣ್ಣು ಹೋಗೋಕೆ ಒಂದು ರಾತ್ರಿ ಸಾಕು.

ಲಕ್ಕುಂಡಿಯಲ್ಲಿ ಮೊದಲು ಕಾಶಿವಿಶ್ವನಾಥ ಗುಡಿಗೆ ಹೋದೆವು. 11ನೇ ಶತಮಾನದ್ದು, ಕಲ್ಯಾಣದ ಚಾಲುಕ್ಯರ ಕಾಲದ್ದು. ಒಂದು ಶಿವನ ಗುಡಿ, ಅದಕ್ಕೆ ಎದುರಾಗಿ ಒಂದು ಸಣ್ಣ ಸೂರ್ಯನ ಗುಡಿ, ನಡುವೆ ಬಯಲಾಗಿರುವ ಕಲ್ಲಿನ ಕಟ್ಟೆ. ಮಾವ ಸೀದಾ ಒಳಗೆ ಹೋಗಿ ಒಂದು ಕಂಬದ ಮೇಲೆ ಅಂಗೈ ಇಟ್ಟು ನನ್ನನ್ನೂ ಕರೆದರು. ಚರಕಿಗೆ ಹಾಕಿ ತಿರುಗಿಸಿ ತೆಗೆದ ಕಂಬ. ಉಂಗುರದ ಮೇಲೆ ಉಂಗುರ, ಒಂದೊಂದರ ಅಂಚೂ ಚೂಪಾಗಿತ್ತು. ಸುಮಾರು ಒಂಬತ್ತು ನೂರು ವರ್ಷದ ಮೇಲೂ ಹೊಳಪು ಹೋಗಿಲ್ಲ. ಬಾಗಿಲಿನಿಂದ ಬಂದ ಬೆಳಕು ಕಂಬದ ಮೇಲೆ ಗೆರೆಯಾಗಿ ನಿಂತಿತ್ತು.

ಹೊರಗಿನ ಗೋಡೆಯದೂ ಇದೇ ಜಾತಿಯ ಕಲ್ಲು. ಆದರೆ ನೋಡೋಕೆ ಬೇರೆಯೇ. ಚಾಚಿಕೊಂಡ ಕಲ್ಲಿನ ನೆರಳಿದ್ದ ಕಡೆ ಬಳ್ಳಿಯ ಸುರುಳಿ, ಮಣಿಸರ ಎಲ್ಲ ನಿನ್ನೆ ಕೆತ್ತಿದ ಹಾಗಿವೆ. ಮಳೆ ನೇರವಾಗಿ ಬಡಿಯುವ ಕಡೆ ಅದೇ ಮಣಿಗಳು ಮೊಂಡಾಗಿವೆ. ಮೂಗು ಇತ್ತು ಅನ್ನೋದಷ್ಟೇ ತಿಳಿಯುವ ಮುಖಗಳಿವೆ. ಮಾವ ಕುಕ್ಕರಗಾಲಲ್ಲಿ ಕೂತು ಗೋಡೆಯ ಬುಡ ತೋರಿಸಿದರು. ಕಟ್ಟೆಯ ಮೇಲೆ ಬಿದ್ದ ಹನಿ ಪುಟಿದು ಗೋಡೆಗೆ ಸಿಡಿಯುತ್ತದೆ. ಅದು ಸಿಡಿಯುವ ಎತ್ತರದವರೆಗೆ ಕಲ್ಲು ಜಾಸ್ತಿ ಸವೆದಿದೆ. ನೀರು ಸೂರಿನಿಂದ ಮಾತ್ರ ಬರುತ್ತದೆ ಅಂದುಕೊಂಡರೆ ಈ ಬುಡ ಕಣ್ಣಿಗೇ ಬೀಳುವುದಿಲ್ಲ.

ಇದು ಬಳಪದ ಕಲ್ಲಿನ ಜಾತಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಮರಳುಗಲ್ಲು ಬಳಸಿದರು. ಈ ಕಡೆ ಬಂದ ಮೇಲೆ ಮೆದು ಕಲ್ಲಿಗೆ ತಿರುಗಿದರು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಇದೇ ಊರಲ್ಲಿದೆ. 1050ರ ಅಣ್ಣಿಗೇರಿಯ ಅಮೃತೇಶ್ವರ ಗುಡಿಯೂ ಮೆದು ಕಲ್ಲಿನದೇ. ಗದಗ, ಧಾರವಾಡ ಸುತ್ತಮುತ್ತಲಿನ ಈ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇವುಗಳ ಗುಂಪಿಗೆ ನಮ್ಮ ಧಾರವಾಡದ ಹೆಸರನ್ನೇ ಇಟ್ಟರು. ಈ ಕಲ್ಲು ಉಳಿಗೆ ಸುಲಭವಾಗಿ ಬಗ್ಗುತ್ತದೆ, ಅದಕ್ಕೇ ಇಷ್ಟು ಸಣ್ಣ ಕುಸುರಿ ಸಾಧ್ಯವಾಯಿತು. ಉಳಿಗೆ ಬಗ್ಗಿದ ಕಲ್ಲು ಮಳೆಗೂ ಬಗ್ಗುತ್ತದೆ. ಆಗಿನ ಶಿಲ್ಪಿಗಳಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಗೊತ್ತಿದ್ದದ್ದಕ್ಕೇ ಅಲ್ವಾ ಎತ್ತರದ ಅಡಿಪಾಯ ಕಟ್ಟಿ, ಗೋಡೆಯ ಮೇಲೆ ಕಲ್ಲನ್ನು ಹೊರಕ್ಕೆ ಚಾಚಿದ್ದು?

ಗೋಡೆಯ ಕೆಲವು ಕಡೆ ಬೂದು ಬಣ್ಣದ ಚಕ್ಕೆ ಅಂಟಿಕೊಂಡಿತ್ತು. ಕಲ್ಲುಹೂವು. ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗವೇ, ಇದು ಮಾತ್ರ ಕಲ್ಲನ್ನು ಬಿಡದೆ ಕಚ್ಚಿಕೊಂಡು ಬೆಳೆಯುವ ಜಾತಿ. ಇದು ಆಮ್ಲ ಸುರಿಸುತ್ತದೆ, ಎಳೆಗಳನ್ನು ಕಲ್ಲಿನ ಸಂದಿಗೆ ಇಳಿಸುತ್ತದೆ. ನಾನು ಉಗುರಿನಿಂದ ಕೆರೆಯೋಕೆ ಕೈ ಚಾಚಿದೆ. "ಬ್ಯಾಡವ್ವಾ, ಅದರ ಜೋಡಿ ಕಲ್ಲೂ ಬರತೈತಿ" ಅಂತ ಮಾವ ತಡೆದರು. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಗುಡಿಗಳಿವು. ಹಕ್ಕಿ ತಂದು ಹಾಕಿದ ಅರಳಿ ಬೀಜ ಅಂಥ ಸಂದಿಯಲ್ಲಿ ಮೊಳೆತರೆ ಅದು ಇನ್ನೊಂದು ಕಷ್ಟ. ಎಳೆಯದಿದ್ದಾಗಲೇ ತೆಗೆಯಬೇಕು. ಬೇರು ದಪ್ಪಗಾದ ಮೇಲೆ ಎಳೆದರೆ ಕಲ್ಲೇ ಕದಲುತ್ತದೆ.

ಮುಸುಕಿನ ಬಾವಿ ಅನ್ನೋ ಹಳೆಯ ಮೆಟ್ಟಿಲು ಬಾವಿ ನೋಡಿಕೊಂಡು, ಮಧ್ಯಾಹ್ನ ರೊಟ್ಟಿ ಬಿಚ್ಚಿ ಕೂತಾಗ ನಮ್ಮೂರ ಹನುಮಪ್ಪನ ಗುಡಿಯ ಮಾತು ಬಂತು. ಅದು ಯಾವ ರಾಜ ಕಟ್ಟಿಸಿದ್ದೂ ಅಲ್ಲ, ಯಾವ ಪಟ್ಟಿಯಲ್ಲೂ ಇಲ್ಲ. ಆದರೆ ಅಲ್ಲೂ ಹಳೆಯ ಕಲ್ಲಿನ ಗೋಡೆ ಇದೆ. ಕೆಲವು ವರ್ಷದ ಹಿಂದೆ ಊರವರು ವಂತಿಗೆ ಎತ್ತಿ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ಮೇಲೆ ಆಯಿಲ್ ಪೇಂಟ್. ದೇವರ ಮನೆ ಚೆಂದ ಕಾಣಲಿ ಅನ್ನೋ ಭಕ್ತಿಯಿಂದಲೇ ಮಾಡಿದ್ದು. ಈಗ ಪ್ಲಾಸ್ಟರ್ ಉಬ್ಬಿದೆ. ಮಾವ ಹೋದ ವರ್ಷ ಒಂದು ತುಂಡು ಕಿತ್ತು ನೋಡಿದ್ದರಂತೆ. ಹಿಂದಿನ ಕಲ್ಲು ಹಪ್ಪಳದ ಹಾಗೆ ಪದರ ಪದರವಾಗಿ ಕೈಗೆ ಬಂತಂತೆ, ಮೇಲೆಲ್ಲ ಬಿಳಿ ಪುಡಿ.

ಆ ಬಿಳಿ ಪುಡಿ ಉಪ್ಪು. ನಮ್ಮೂರದು ಸವಳು ನೆಲ. ನೆಲದ ತೇವ ಗೋಡೆಯೊಳಗೆ ಮೇಲೇರುತ್ತದೆ, ಜೊತೆಗೆ ಉಪ್ಪನ್ನೂ ಒಯ್ಯುತ್ತದೆ. ಮೊದಲು ಆ ತೇವ ಗೋಡೆಯ ಮೈಯಿಂದ ಆರಿಹೋಗುತ್ತಿತ್ತು. ಸಿಮೆಂಟು, ಪೇಂಟು ಬಳಿದ ಮೇಲೆ ಹೊರಗೆ ದಾರಿ ಇಲ್ಲ. ತೇವ ಅಲ್ಲೇ ನಿಲ್ಲುತ್ತದೆ, ಇನ್ನೂ ಮೇಲಕ್ಕೆ ಏರುತ್ತದೆ. ಒಣಗುವಾಗ ಉಪ್ಪು ಕಲ್ಲಿನ ಸಣ್ಣ ತೂತುಗಳಲ್ಲಿ ಹರಳುಗಟ್ಟಿ ಪದರಗಳನ್ನು ಒಳಗಿನಿಂದಲೇ ತಳ್ಳುತ್ತದೆ. ಮಳೆ, ಬಿಸಿಲು ಎಷ್ಟೋ ತಲೆಮಾರು ನಿಧಾನವಾಗಿ ಮಾಡುತ್ತಿದ್ದ ಕೆಲಸವನ್ನು ನಮ್ಮ ಅಕ್ಕರೆಯೇ ಬೇಗ ಮುಗಿಸುತ್ತಿದೆ. ಇದು ನನಗೆ ತುಂಬಾ ಸಂಕಟ ಕೊಡುವ ಸಂಗತಿ. ಯಾಕೆಂದರೆ ಇದೊಂದು ನಮ್ಮ ಕೈಯಲ್ಲೇ ಇದೆ. ಮಳೆಯನ್ನಾಗಲಿ, ಹಗಲು ಕಾದು ರಾತ್ರಿ ತಣಿಯುವ ಕಲ್ಲನ್ನಾಗಲಿ ತಡೆಯೋಕೆ ಆಗಲ್ಲ. ನೀರು ಒಂದೇ ಕಡೆ ನಿಲ್ಲದಂತೆ ನೋಡಿಕೊಳ್ಳೋಕೆ ಆಗುತ್ತದೆ.

"ಗಾರಿ ಯಾವಾಗಲೂ ಕಲ್ಲಿಗಿಂತ ಮೆತ್ತಗಿರಬೇಕು. ಹೋದ್ರ ಗಾರಿ ಹೋಗ್ಲಿ, ಅದನ್ನ ಮತ್ತ ತುಂಬಬಹುದು" ಅಂದರು ಮಾವ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ. ಬಿರುಕು ಬಿಟ್ಟರೂ ಅದೇ ಬಿಡುತ್ತದೆ, ಕಲ್ಲಿಗೆ ಪೆಟ್ಟಿಲ್ಲ. ಸಿಮೆಂಟ್ ಇದಕ್ಕೆ ಉಲ್ಟಾ. ಅದು ಗಟ್ಟಿ, ಒಡೆಯೋದು ಪಕ್ಕದ ಕಲ್ಲು.

ಸಂಜೆ ಬಸ್ಸಲ್ಲಿ ಬರುವಾಗಲೇ ಹನುಮಪ್ಪನ ಗುಡಿಯ ಪ್ಲಾಸ್ಟರ್ ತೆಗೆಸೋಣ ಅಂತ ಮಾವ ಊರಿನ ಹಿರಿಯರಿಗೆ ಫೋನ್ ಹಚ್ಚಿದರು. ಎಲ್ಲರೂ ಒಪ್ಪಿಲ್ಲ. ಬಣ್ಣ ಬಣ್ಣದ ಗುಡಿ ಬೋಳಾಗಿ ಕಾಣುತ್ತದೆ ಅಂತ ಕೆಲವರ ತಕರಾರು ಇದೆ. ಅವರ ಬೇಜಾರು ನನಗೆ ಅರ್ಥವಾಗುತ್ತದೆ. ಸದ್ಯಕ್ಕೆ ಹಿಂದಿನ ಗೋಡೆಯ ಪ್ಲಾಸ್ಟರ್ ಮಾತ್ರ ಬಿಡಿಸೋದು, ಗುಡಿಯ ಸುತ್ತ ಒಂದು ಗಟಾರ ತೆಗೆದು ನೀರನ್ನು ಕೆರೆಯ ಕಡೆ ತಿರುಗಿಸೋದು ಅಂತ ಮಾತಾಗಿದೆ. ದೀಪಾವಳಿ ಮುಗಿದ ಮೇಲೆ ಕೆಲಸ ಶುರು. ಅಷ್ಟರೊಳಗೆ ಸುಣ್ಣ ಚೆನ್ನಾಗಿ ನೆನೆದಿರಬೇಕು ಅಂತ ಮಾವ ಈಗಲೇ ಹಿತ್ತಲಲ್ಲಿ ಗುಂಡಿ ತೋಡಿಸಿದ್ದಾರೆ.