ಒಮ್ಮೆ ಕೊಂಡರೆ ಮೂರು ತಲೆಮಾರು

ಬಂದೂಕಿನಂಗಡಿಯ ವ್ಯಾಪಾರಕ್ಕೆ ಒಂದು ಹುಟ್ಟುದೋಷವಿದೆ. ನಾವು ಮಾರುವ ಸಾಮಾನು ಸವೆಯುವುದಿಲ್ಲ. ಚಪ್ಪಲಿ ವರ್ಷಕ್ಕೆ ಹರಿಯುತ್ತದೆ, ಮೊಬೈಲ್ ಮೂರು ವರ್ಷಕ್ಕೆ ಮುಗ್ಗರಿಸುತ್ತದೆ. ಎಣ್ಣೆ ಒರೆಸಿ ತೇವವಿಲ್ಲದ ಜಾಗದಲ್ಲಿಟ್ಟ ಜೋಡುನಳಿಗೆ ಕೋವಿ ಮಾತ್ರ ಕೊಂಡವನನ್ನೂ ಮಾರಿದವನನ್ನೂ ಮಣ್ಣು ಮಾಡಿ ಮೊಮ್ಮಗನ ಕೈಸೇರುತ್ತದೆ. ಅಪ್ಪ ಮಾರಿದ ಕೋವಿಗಳನ್ನು ಈಗ ನಾನು ದುರಸ್ತಿ ಮಾಡುತ್ತಿದ್ದೇನೆ. ಹೊಸದೊಂದನ್ನು ಮಾರದೆ ತಿಂಗಳು ಕಳೆದುಹೋಗುವುದೂ ಉಂಟು.

ಅಂಗಡಿಯ ಬಾಡಿಗೆ ಹುಟ್ಟುವುದು ಹಿಂಬದಿಯ ಮೇಜಿನಲ್ಲಿ. ಸಡಿಲಗೊಂಡ ಕೀಲು, ಬಿರುಕು ಬಿಟ್ಟ ಹಿಡಿ, ಮೊಂಡಾದ ಫೈರಿಂಗ್ ಪಿನ್, ಮಳೆಯಲ್ಲಿ ನೆನೆದ ಮೇಲೆ ಒರೆಸದೆ ಗೋಡೆಗೆ ಒರಗಿಸಿಟ್ಟು ತುಕ್ಕು ಹಿಡಿಸಿಕೊಂಡ ನಳಿಗೆ. ಹೊಸ ಗಿರಾಕಿ ಬಹುತೇಕ ಹೀಗೆ ಯಾವುದೋ ರೋಗ ಹೊತ್ತುಕೊಂಡೇ ಮೊದಲ ಸಲ ಒಳಗೆ ಬರುತ್ತಾನೆ. ಬಂದವನು ನನ್ನನ್ನು ನೋಡಿ, "ಯಜಮಾನರು ಇಲ್ಲವೇನಮ್ಮಾ?" ಎನ್ನುತ್ತಾನೆ. "ಯಜಮಾನಿ ಇದ್ದಾಳೆ, ಹೇಳಿ" ಎನ್ನುತ್ತೇನೆ. ಅರ್ಧ ಜನ ನಗುತ್ತಾರೆ. ಉಳಿದರ್ಧ ಜನ ಕೋವಿಯನ್ನು ಬಿಚ್ಚಿ ತೋರಿಸುವವರೆಗೂ ನಂಬುವುದಿಲ್ಲ.

ಜಾಹೀರಾತು ಕೊಡಬಾರದೇ ಎಂದು ಸ್ನೇಹಿತರು ಕೇಳುತ್ತಾರೆ. ಎಲ್ಲಿ ಕೊಡುವುದು? ಗೂಗಲ್ ಬಂದೂಕು, ತೋಟಾಗಳ ಜಾಹೀರಾತನ್ನು ತೆಗೆದುಕೊಳ್ಳುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳದ್ದೂ ಅದೇ ನಿಯಮ. ಖಾಸಗಿ ವ್ಯಕ್ತಿಗಳು ತಮ್ಮತಮ್ಮಲ್ಲೇ ಬಂದೂಕು ಮಾರಿಕೊಳ್ಳುವುದನ್ನೂ ಫೇಸ್‌ಬುಕ್ 2016ರ ಜನವರಿಯಲ್ಲಿ ನಿಷೇಧಿಸಿತು. ಹಣ ಪಡೆಯಲು ಪೇಪಾಲ್ ಬಳಸುವಂತಿಲ್ಲ. ನನಗೆ ಇದರ ಮೇಲೆ ಅಂಥ ಸಿಟ್ಟೇನೂ ಇಲ್ಲ. ಬಂದೂಕಿನ ಯೋಚನೆಯೇ ಇಲ್ಲದೆ ಸುಮ್ಮನೆ ಕುಳಿತವನಿಗೆ ಅದು ಬೇಕೆನಿಸುವಂತೆ ಮಾಡುವುದು ನನ್ನ ಕೆಲಸವೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ನಮಗೆ ಸಿಕ್ಕಿರುವ ಅತ್ಯುತ್ತಮ ಜಾಹೀರಾತು ಒಂದು ಬೈಗುಳ.

ಅಜ್ಜನ ಕೋವಿಯೊಂದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಒಬ್ಬರು ಬಂದಿದ್ದರು. ಕಾಗದಪತ್ರವೆಲ್ಲ ಸರಿಯಿತ್ತು. ಹನ್ನೆರಡು ಬೋರಿನ ತೋಟಾ ಎರಡು ಪೆಟ್ಟಿಗೆ ಬೇಕೆಂದರು. ಹನ್ನೆರಡು ಬೋರು ಎಂದರೆ ನಳಿಗೆಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಒಂದು ಪೌಂಡಿಗೆ ಹನ್ನೆರಡು ಬರುತ್ತವೆ ಎಂದು. ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದಾಗುವುದು ಆ ಲೆಕ್ಕದಿಂದಲೇ. ಆದರೆ ಬೋರು ಒಂದೇ ಆದರೆ ಸಾಲದು, ತೋಟಾ ಕೂರುವ ಗೂಡಿನ ಉದ್ದವೂ ಹೊಂದಬೇಕು. ನಾನು ಗೇಜು ಇಳಿಸಿ ನೋಡಿದೆ. 65 ಮಿಲಿಮೀಟರ್. ಹಳೆಯ ಕೋವಿಗಳಲ್ಲಿ ಇದು ಸಾಮಾನ್ಯ. ಆ ದಿನ ಕಪಾಟಿನಲ್ಲಿ ಇದ್ದದ್ದೆಲ್ಲ 70ರ ತೋಟಾ.

ಅವರು ಕಪಾಟಿನ ತೋಟಾ ಒಂದನ್ನು ಕೇಳಿ ತೆಗೆದುಕೊಂಡು ನನ್ನ ಕಣ್ಣೆದುರೇ ಗೂಡಿಗೆ ಇಳಿಸಿದರು. ಸಲೀಸಾಗಿ ಕೂತಿತು. "ನೋಡಿ, ಸರಿಯಾಗಿಯೇ ಇದೆಯಲ್ಲ!" ಎಂದರು. ಮೋಸವಿರುವುದೇ ಅಲ್ಲಿ. ಪೆಟ್ಟಿಗೆಯ ಮೇಲೆ ಬರೆದ 70 ಎಂಬುದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಹಾರಿಸುವ ಮೊದಲು ಬಾಯಿ ಮಡಚಿರುವುದರಿಂದ ಅದು ಗಿಡ್ಡವಾಗಿರುತ್ತದೆ, ಯಾವ ತಕರಾರೂ ಇಲ್ಲದೆ 65ರ ಗೂಡಿಗೆ ಹೋಗುತ್ತದೆ. ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆದಾಗ ಆ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯ ಕಿರಿದಾದ ಕಡೆಗೆ ನುಗ್ಗುತ್ತದೆ, ತೋಟಾದೊಳಗಿನ ಸಣ್ಣ ಗುಂಡುಗಳು, ಅಂದರೆ ಚರೆ, ಹೊರಡಬೇಕಾದ ದಾರಿ ಇಕ್ಕಟ್ಟಾಗುತ್ತದೆ, ಒತ್ತಡ ಏರುತ್ತದೆ. ನೂರು ವರ್ಷದ ಉಕ್ಕು ಅದನ್ನು ಎಷ್ಟು ಸಲ ತಡೆದೀತು ಎಂದು ಯಾರು ಹೇಳಬೇಕು? ನಾನು ಕೊಡಲಿಲ್ಲ. ಕೋವಿಯನ್ನು ಮತ್ತೆ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಅವರು ಹೊರಟೇಹೋದರು.

ಅವರು ಇಂದಿನವರೆಗೂ ಮರಳಿ ಬಂದಿಲ್ಲ. ಆದರೆ ಹೋದಲ್ಲೆಲ್ಲ, "ಆ ಅಂಗಡಿಯ ಹೆಂಗಸು ಎರಡು ಪೆಟ್ಟಿಗೆ ತೋಟಾ ಕೊಡುವುದಕ್ಕೂ ಅಳತೆ ತೆಗೆಯುತ್ತಾಳೆ" ಎಂದು ಹೇಳಿಕೊಂಡು ಬಂದಿರಬೇಕು. ಆ ವರ್ಷ ಮೂರು ಮಂದಿ ತಮ್ಮ ಅಜ್ಜಂದಿರ ಕೋವಿಗಳನ್ನು ಹೊತ್ತು ತಂದು, "ಅದೇನೋ ಅಳೆಯುತ್ತೀರಂತಲ್ಲ, ಇದನ್ನೂ ಅಳೆದುಕೊಡಿ" ಎಂದರು.

ಅಳತೆಗಳೆಲ್ಲ ಅಪ್ಪನ ಕಾಲದ ರಟ್ಟಿನ ಹೊದಿಕೆಯ ಪುಸ್ತಕಕ್ಕೆ ಹೋಗುತ್ತವೆ. ಕಾನೂನು ಕೇಳುವ ದಾಖಲೆ ಪುಸ್ತಕ ಬೇರೆ, ಇದು ಬೇರೆ. ತಪ್ಪು ತಿಳಿಯಬೇಡಿ, ಕಳ್ಳಲೆಕ್ಕವಲ್ಲ. ಒಂದೊಂದು ಕೋವಿಗೆ ಒಂದೊಂದು ಪುಟ. "65 ಮಾತ್ರ. ಎಷ್ಟು ಗೋಗರೆದರೂ 70 ಕೊಡಬೇಡ." "ಬಲ ನಳಿಗೆಯ ಕುದುರೆ ಬಿಗಿ, ಹಾಗೇ ಇರಲಿ ಎಂದರು." "ಮಗನಿಗೆ ಎಡಗಣ್ಣು." ಕೊನೆಯದು ಬೈಗುಳದಂತೆ ಕಂಡರೂ ನಮಗೆ ಬೆಲೆಬಾಳುವ ಮಾಹಿತಿ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈಗಳನ್ನು ಒಂದರ ಮೇಲೊಂದು ತಂದು ನಡುವೆ ಸಣ್ಣ ಕಿಂಡಿ ಬಿಟ್ಟು, ಎರಡೂ ಕಣ್ಣು ತೆರೆದು ಆ ಕಿಂಡಿಯಿಂದ ದೂರದ ಗಡಿಯಾರ ನೋಡಿ. ಗಡಿಯಾರ ತಪ್ಪದಂತೆ ಕೈಗಳನ್ನು ಮುಖದ ಹತ್ತಿರಕ್ಕೆ ತನ್ನಿ. ಕಿಂಡಿ ಯಾವ ಕಣ್ಣಿಗೆ ಬಂದು ನಿಲ್ಲುತ್ತದೋ ಗುರಿ ಹಿಡಿಯುವುದು ಅದೇ ಕಣ್ಣು. ಬಲಗೈಯಲ್ಲಿ ಬರೆಯುವ ಎಷ್ಟೋ ಜನರಿಗೆ ಎಡಗಣ್ಣು ಪ್ರಬಲವಾಗಿರುತ್ತದೆ. ವರ್ಷಗಟ್ಟಲೆ ಗುರಿ ತಪ್ಪಿ ತನ್ನನ್ನೇ ಹಳಿದುಕೊಂಡಿದ್ದವರೊಬ್ಬರು ಈ ಪರೀಕ್ಷೆ ಮಾಡಿ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಅಂಥವರು ಬೇರೆ ಅಂಗಡಿಗೆ ಹೋಗುವುದಿಲ್ಲ.

ಪಂದ್ಯಕ್ಕೆ ಅಭ್ಯಾಸ ಮಾಡುವವರದ್ದು ಇನ್ನೊಂದು ಹುಚ್ಚು. ಅವರ ಪಾಯಿಂಟ್ 22 ರೈಫಲ್ಲಿನ 'ಲಾಂಗ್ ರೈಫಲ್' ಎಂಬ ತೋಟಾ 1887ರಿಂದ ಇದೆ, ಈಗಲೂ ಒಂದೊಂದು ನಳಿಗೆಗೆ ಒಂದೊಂದು ಲಾಟ್, ಅಂದರೆ ಒಂದೇ ಸಲಕ್ಕೆ ತಯಾರಾದ ಕಂತು, ಒಗ್ಗುತ್ತದೆ. ಅದೇ ಕಂಪನಿ, ಅದೇ ಪೆಟ್ಟಿಗೆ, ಲಾಟ್ ಸಂಖ್ಯೆ ಬದಲಾದರೆ ಗುಂಡುಗಳು ಚದುರಿ ಬೀಳುತ್ತವೆ. ಏರ್ ರೈಫಲ್ಲಿನವರು ಇನ್ನೂ ಸೂಕ್ಷ್ಮ. 4.49 ಮಿಲಿಮೀಟರ್ ತಲೆಯ ಚರೆ ಕೇಳಿದವರಿಗೆ 4.50 ಕೊಟ್ಟರೆ ಮುಖ ಬಾಡುತ್ತದೆ. ಯಾರ ನಳಿಗೆಗೆ ಯಾವುದು ಹಿಡಿಸಿತೆಂದು ಬರೆದಿಟ್ಟು, ಅದೇ ಲಾಟ್ ಬಂದಾಗ ಅವರ ಹೆಸರು ಹಚ್ಚಿ ಎತ್ತಿಡುತ್ತೇನೆ. ದೊಡ್ಡ ಮಳಿಗೆ ನನಗಿಂತ ಅಗ್ಗವಾಗಿ ಕೊಡಬಲ್ಲದು, ಎತ್ತಿಡಲಾರದು.

ಗಿರಾಕಿಯ ಪರಿಚಯಕ್ಕೆ ಇನ್ನೊಂದು ಮುಖವಿದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 2009ರಲ್ಲಿ, ಒಂದು ವಾರವೂ ಆಗದಷ್ಟರಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರು ಒಂದೇ ಅಂಗಡಿಯಲ್ಲಿ ಬಂದೂಕು ಕೊಂಡು, ಕೊಂಡ ಕೆಲವೇ ಗಂಟೆಗಳಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆಮೇಲೆ ಅಲ್ಲಿನ ಅಂಗಡಿಯವರೂ ಆರೋಗ್ಯ ಕ್ಷೇತ್ರದವರೂ ಕುಳಿತು, ಗಲ್ಲಾದಲ್ಲಿ ಏನನ್ನು ಗಮನಿಸಬೇಕು, ಯಾವಾಗ ಮಾರಬಾರದು ಎಂದು ಬರೆದು ಅಂಗಡಿಗಳಿಗೆ ಹಂಚಿದರು. ಅದನ್ನು ಓದಿದ ಮೇಲೆ, ಯಾವ ಬಂದೂಕಾದರೂ ಸರಿ ಇವತ್ತೇ ಬೇಕು ಎನ್ನುವ ಅಪರಿಚಿತರಿಗೆ ನಾನು ಸ್ಟೂಲು ಎಳೆದು ಕೊಡುತ್ತೇನೆ, ಮಾತಿಗೆ ಕೂರಿಸುತ್ತೇನೆ. ಹತ್ತು ನಿಮಿಷ ಕೂರದವರಿಗೆ ಮಾರುವುದಿಲ್ಲ.

ಹಳೆಯ ಗಿರಾಕಿಯೊಬ್ಬರು ಏಳು ತಿಂಗಳ ಹಿಂದೆ ಸರ್ವಿಸ್‌ಗೆಂದು ಕೋವಿ ತಂದುಕೊಟ್ಟರು. ಬಿಚ್ಚಿ ನೋಡಿದರೆ ಏನೂ ಕೆಟ್ಟಿರಲಿಲ್ಲ. ಹಿಂದಿನ ತಿಂಗಳಷ್ಟೇ ನಾನೇ ಸ್ವಚ್ಛ ಮಾಡಿಕೊಟ್ಟದ್ದು ಪುಸ್ತಕದಲ್ಲಿತ್ತು. "ನಿಧಾನಕ್ಕೆ ಮಾಡಮ್ಮ, ಅವಸರವಿಲ್ಲ" ಎಂದಿದ್ದರು. ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಒಂದು ಲೋಟ ನೀರು ಕುಡಿದು, "ಆಯಿತೇ?" ಎಂದು ಕೇಳುತ್ತಾರೆ. "ಒಂದು ಸ್ಪ್ರಿಂಗ್ ಬರಬೇಕು" ಎನ್ನುತ್ತೇನೆ. "ಬರಲಿ ಬಿಡು" ಎಂದು ಎದ್ದು ಹೋಗುತ್ತಾರೆ.