ಅಜ್ಜನ ಕಿವಿ, ನನ್ನ ಲೋಡ್ ಸೆಲ್

27 ಡಿಸೆಂಬರ್ 2025, ಶನಿವಾರ
ಶಿರಸಿ

ರಜೆಗೆ ಊರಿಗೆ ಬಂದರೂ ಫೈನಲ್ ಇಯರ್ ಪ್ರಾಜೆಕ್ಟ್ ಬೆನ್ನು ಬಿಟ್ಟಿಲ್ಲ. ಅಂಗಳದ ಮೂಲೆಯಲ್ಲಿ ಐದು ಕಿಲೋ ಹಣ್ಣಡಿಕೆಯ ಬುಟ್ಟಿ ತೂಕ ಅಳೆಯುವ ಲೋಡ್ ಸೆಲ್ ಮೇಲೆ ಕೂತು ಇವತ್ತಿಗೆ ಒಂಬತ್ತು ದಿನ. ಚಾಲಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ, ಒಣಗಲು ಸುಮಾರು 40 ದಿನ ಬಿಸಿಲು ಬೇಕು. ನೀರು ಆರಿದಷ್ಟೂ ತೂಕ ಇಳಿಯುತ್ತದೆ. ಇಳಿಯುವುದು ನಿಂತರೆ ಒಣಗಿತು ಅಂತ ಲೆಕ್ಕ. ಕಾಗದದ ಮೇಲೆ ಎಷ್ಟು ಸಲೀಸು!

ನಿನ್ನೆ ಮಧ್ಯಾಹ್ನ ನೋಡಿದರೆ ತೂಕ ಏರಿತ್ತು. ಇವತ್ತು ಬುಟ್ಟಿ ಇಳಿಸಿ, ಅಂಗಡಿಯಿಂದ ಎರಡು ಕಿಲೋ ತೂಕದ ಕಲ್ಲು ಕೇಳಿ ತಂದು ಇಟ್ಟೆ. ಬೆಳಿಗ್ಗೆ ಏಳಕ್ಕೆ 2.000. ಮಧ್ಯಾಹ್ನ ಒಂದಕ್ಕೆ 2.038. ಕಬ್ಬಿಣವೇನೂ ನೀರು ಕುಡಿದಿರಲಿಲ್ಲ, ಸೆಲ್ ಕಾದಿತ್ತು. ಒಳಗಿನ ಸ್ಟ್ರೇನ್ ಗೇಜ್ ಭಾರಕ್ಕೆ ಹಿಗ್ಗಿದರೆ ರೆಸಿಸ್ಟೆನ್ಸ್ ಬದಲಾಗುತ್ತದೆ. ಬಿಸಿಗೂ ಬದಲಾಗುತ್ತದೆ. ಸೆಲ್‌ನ ಸಿಗ್ನಲ್ ಅನ್ನು ಅಂಕಿಗೆ ತಿರುಗಿಸುವ ಎಚ್‌ಎಕ್ಸ್711 ಚಿಪ್ 24 ಬಿಟ್‌ನದು, ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ ಅಂತ ರಿಪೋರ್ಟಿನಲ್ಲಿ ಜಂಬ ಕೊಚ್ಚಿದ್ದೆ. ಈಗ ತಪ್ಪನ್ನೂ ಮೂರು ದಶಮಾಂಶದವರೆಗೆ ತೋರಿಸುತ್ತಿದೆ! ಕೊನೆಯ ದಿನಗಳಲ್ಲಿ ಬುಟ್ಟಿ ದಿನಕ್ಕೆ 38 ಗ್ರಾಂ ಇಳಿದರೇ ಜಾಸ್ತಿ. ನಸುಕಿನಲ್ಲಿ ತೂಗೋಣ ಅಂದರೆ ಇಬ್ಬನಿ. ಸದ್ಯಕ್ಕೆ ಹೊತ್ತು ಮುಳುಗಿ ಒಂದು ಗಂಟೆ ಕಳೆದ ಮೇಲೆ, ದಿನಕ್ಕೆ ಒಂದೇ ಸಲ.

ಅಜ್ಜ ಕವಳ ಹಾಕುತ್ತಾ ಎಲ್ಲ ನೋಡುತ್ತಿದ್ದರು.

"ಎಷ್ಟೋ ಇದಕ್ಕೆ?"

"ಎರಡೂವರೆ ಸಾವಿರಕ್ಕೆ ಮಾರೋಣ ಅಂತಿದ್ದೀವಿ ಅಜ್ಜ."

ಹೋದ ವರ್ಷದ ಚೀಲದಿಂದ ಒಂದು ಅಡಿಕೆ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಸಿಪ್ಪೆಯೊಳಗೆ ಲೊಟಲೊಟ ಅಂದಿತು, ಒಣಗಿದ ಗುರುತು. "ನಂದು ಪುಕ್ಕಟೆ. ಅದಿರಲಿ, ರಾತ್ರಿ ಮಳೆ ಬಂದರೆ ಎಬ್ಬಿಸ್ತದಾ ಇದು?"

ನನ್ನ ಬಾಯಿ ಕಟ್ಟಿತು. ಹೋದ ವರ್ಷ ಒಂದೇ ರಾತ್ರಿಯ ಮಳೆಗೆ ಅಂಗಳದ ಅಡಿಕೆಯೆಲ್ಲ ನೆನೆದು, ಬೂಸಲು ಬಂದು, ದರ ಬಿದ್ದಿತ್ತು. ಮನೆಯವರಿಗೆಲ್ಲ ಗೊತ್ತಿದ್ದ ನಷ್ಟ. ನಾನು ಮಾತ್ರ ಏಳು ತಿಂಗಳಿಂದ ತೇವಾಂಶದ ಗ್ರಾಫ್ ಬಿಡಿಸುತ್ತಾ ಕೂತಿದ್ದೆ.

ಪ್ರಾಜೆಕ್ಟ್ ಪಾರ್ಟ್ನರ್‌ಗೆ ಫೋನ್ ಮಾಡಿದೆ. "ಮಳೆ ಅಲಾರಾಮಿನಲ್ಲಿ ರಿಸರ್ಚ್ ಎಲ್ಲಿದೆ ಮಾರಾಯ?" ಅಂದ. ಅದೂ ನಿಜ ಅಲ್ವಾ? ಅವನ ತಲೆಯಲ್ಲಿ ಪೇಟೆಂಟ್. ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿಗೆ 1600 ರೂಪಾಯಿ, ಪೂರ್ತಿ ಅರ್ಜಿಗೆ ಆಮೇಲೆ 12 ತಿಂಗಳು ಟೈಮ್ ಅಂತ ಮತ್ತೆ ಶುರು ಮಾಡಿದ. ಚಾರ್ಜ್ ಮುಗೀತು ಅಂತ ಸುಳ್ಳು ಹೇಳಿ ಇಟ್ಟೆ.

ರಾತ್ರಿ ಹಳೇ ಕಿಟ್‌ನಲ್ಲಿದ್ದ ರೇನ್ ಸೆನ್ಸರ್ ಹುಡುಕಿ ಅಂಗಳದಲ್ಲಿಟ್ಟು, ಅದಕ್ಕೆ ಜೋಡಿಸಿದ ಬಜರನ್ನು ಅಜ್ಜನ ಮಂಚದ ಕೆಳಗೆ ಇಟ್ಟೆ. ಹೊರಗೆ ಹೋಗಿ ಚೊಂಬಿನಿಂದ ನೀರು ಚಿಮುಕಿಸಿದೆ. ಚೆನ್ನಾಗಿಯೇ ಕೂಗಿತು. ಅಜ್ಜ ಏಳಲಿಲ್ಲ. ಅಜ್ಜಿ ಎದ್ದು ಬಂದು ಬೈದರು.